ತಿರುವಿನ ಸದ್ದನ್ನು ತಿಳಿಯುವ ವಿದ್ಯೆ

ಕಲಬುರಗಿಯಿಂದ ಆಳಂದಕ್ಕಾಗಲಿ, ಅಫಜಲಪುರಕ್ಕಾಗಲಿ, ಭೀಮಾ ನದಿಯನ್ನು ದಾಟಿ ಜೇವರ್ಗಿಗಾಗಲಿ ಕಾರಿನಲ್ಲಿ ಹೊರಟವನು ಮೊದಲು ಅರಿಯಬೇಕಾದುದು ಆ ಸೀಮೆಯ ಮಣ್ಣನ್ನು. ತೊಗರಿಗೆ ತವರಾದ ಈ ಎರೆಭೂಮಿಯು ಮಳೆಗಾಲದಲ್ಲಿ ನೀರುಂಡು ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಾಯ್ದೆರೆಯುವುದರಿಂದ, ಅದರ ಮೇಲೆ ಹಾಸಿದ ಡಾಂಬರು ದಾರಿಯೂ ಕ್ರಮೇಣ ಅಲೆಯಲೆಯಾಗಿ ಏರಿಳಿಯತೊಡಗುತ್ತದೆ. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಭಾರವು ಅದರೊಡನೆ ಕೂಡಿದಾಗ ತಗ್ಗುಗುಂಡಿಗಳು ಹುಟ್ಟುತ್ತವೆ. ಗಾಣಗಾಪುರದ ದತ್ತ ಸನ್ನಿಧಿಗೆ ಬರುವ ಯಾತ್ರಿಕರ ಕಾರೂ, ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಬರುವ ಭಕ್ತರ ಜೀಪೂ ಈ ಮಾರ್ಗಗಳ ಆಘಾತವನ್ನು ತಮ್ಮ ಮುಂಗಾಲಿಗಳಲ್ಲಿಯೇ ಸಹಿಸಬೇಕಾಗುತ್ತದೆ. ಆ ಸಹನೆಯ ಮಿತಿ ಮೀರಿದಾಗ, ಸ್ಟಿಯರಿಂಗನ್ನು ಹೊರಳಿಸಿದೊಡನೆ ಒಂದು ಸದ್ದು ಕೇಳುತ್ತದೆ. ಆ ಸದ್ದಿನ ಮೂಲವನ್ನು ನಿರ್ಣಯಿಸಿ ನಿವಾರಿಸುವ ಗ್ಯಾರೇಜಿನ ವಿದ್ಯೆಯನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಅಂಬಾಸಿಡರಿನ ಕಾಲದಲ್ಲಿ ಮುಂಗಾಲಿಗೆ ಭಾರವನ್ನು ಹೊರುವುದು, ದಿಕ್ಕನ್ನು ಬದಲಿಸುವುದು ಎಂಬ ಎರಡೇ ಕರ್ತವ್ಯಗಳಿದ್ದವು. ಎಂಜಿನ್ನಿನ ಶಕ್ತಿ ಹಿಂಗಾಲಿಗಳಿಗೆ ಹೋಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರನ್ನು ಎಳೆಯುವ ಮೂರನೆಯ ಕರ್ತವ್ಯವೂ ಮುಂಗಾಲಿಯ ಪಾಲಿಗೆ ಬಂದಿತು. ಹೊರಳುತ್ತಲೇ ಎಳೆಯಬೇಕಾದ ಈ ಗಾಲಿಯೊಳಗೆ ಇರುವುದು, 1926ರಲ್ಲಿ ಆಲ್ಫ್ರೆಡ್ ರ್‍ಜೆಪ್ಪಾ ಎಂಬ ಎಂಜಿನಿಯರನು ರೂಪಿಸಿದ, ಆರು ಉಕ್ಕಿನ ಗುಂಡುಗಳುಳ್ಳ ಸಂಧಿಯ ಮಾದರಿ. ಅದನ್ನು ರಬ್ಬರಿನ ಬೂಟು ಮುಚ್ಚಿದ್ದು, ಒಳಗೆ ಗ್ರೀಸು ತುಂಬಿರುತ್ತದೆ. ಆ ಬೂಟು ಹರಿದು ಗ್ರೀಸು ಸೋರಿ, ಎರೆಯ ಸಣ್ಣ ಧೂಳು ಒಳನುಗ್ಗಿತೆಂದರೆ, ಗುಂಡುಗಳು ಓಡಾಡುವ ನಯವಾದ ಕಾಲುವೆಗಳು ಸವೆದು ಒರಟಾಗುತ್ತವೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮೆಲ್ಲನೆ ಆಕ್ಸಿಲರೇಟರ್ ಒತ್ತಿದಾಗ ಲಯಬದ್ಧವಾಗಿ ‘ಕಟ ಕಟ’ ಎಂದು ಕೇಳಿ, ವೇಗ ಏರಿದಂತೆ ತಾನೂ ತ್ವರಿತವಾಗುವ ಸದ್ದು ಈ ಸಂಧಿಯದೇ ಆಗಿರುತ್ತದೆ.

ನಿಂತಲ್ಲಿಯೇ ತಿರುಗಿಸಿದಾಗ ‘ಠಣ್’ ಎನ್ನುವ ಸದ್ದಿನ ಮೂಲ ಬೇರೆ. ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅರ್ಲ್ ಮ್ಯಾಕ್‌ಫರ್ಸನ್ನನ ಹೆಸರಿನ ಸ್ಟ್ರಟ್ ಇದ್ದು, ಶಾಕ್ ಅಬ್ಸಾರ್ಬರೂ ಸ್ಪ್ರಿಂಗೂ ಗಾಲಿಯೊಂದಿಗೇ ಹೊರಳುತ್ತವೆ. ಮೇಲ್ತುದಿಯ ಬೇರಿಂಗು ಧೂಳಿನಿಂದಲೋ ತುಕ್ಕಿನಿಂದಲೋ ಬಿಗಿದರೆ, ಸ್ಪ್ರಿಂಗು ಮುರಿಗೆಗೊಂಡು, ಕಡೆಗೆ ಒಮ್ಮೆಲೆ ಬಿಡಿಸಿಕೊಳ್ಳುತ್ತದೆ. ಒಬ್ಬನು ಸ್ಟಿಯರಿಂಗ್ ತಿರುಗಿಸುತ್ತಿರುವಾಗ ಇನ್ನೊಬ್ಬನು ಸ್ಪ್ರಿಂಗಿನ ಮೇಲೆ ಅಂಗೈಯಿಟ್ಟರೆ ಆ ನೆಗೆತ ಕೈಗೇ ತಿಳಿಯುತ್ತದೆ. ನಿಧಾನವಾದ ತಿರುವಿನಲ್ಲಿ ಹಳೆಯ ಬಾಗಿಲಿನ ಕೀಲಿನಂತೆ ಕಿರುಗುಟ್ಟಿದರೆ, ಗಾಲಿಯನ್ನು ಕೆಳಗಿನ ತೋಳಿಗೆ, ಅಂದರೆ ಲೋವರ್ ಆರ್ಮಿಗೆ, ಸೇರಿಸುವ ಬಾಲ್ ಜಾಯಿಂಟಿನಲ್ಲಿ ಗ್ರೀಸು ಒಣಗಿದೆಯೆಂದು ಶಂಕಿಸಬೇಕು. ವೇಗದ ದೀರ್ಘ ತಿರುವಿನಲ್ಲಿ ಗುಂಯ್‌ಗುಡುವುದು ಗಾಲಿಯ ಬೇರಿಂಗು. ತಿರುವಿನಲ್ಲಿ ಭಾರವು ಹೊರಬದಿಗೆ ಸರಿಯುವುದರಿಂದ, ಎಡಕ್ಕೆ ಹೊರಳಿದಾಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ದೋಷ ಬಲಗಾಲಿಯದು. ಆಯಿಲ್‌ನಿಂದ ನಡೆಯುವ ಪವರ್ ಸ್ಟಿಯರಿಂಗು ಕೊನೆಯವರೆಗೆ ತಿರುಗಿಸಿದಾಗ ಬಹಳವಾಗಿ ಗೋಳಿಟ್ಟರೆ, ಮೊದಲು ಆಯಿಲ್ ಮಟ್ಟವನ್ನೂ ಬೆಲ್ಟನ್ನೂ ನೋಡುವುದು ವಿವೇಕ.

ನುರಿತ ಮಿಸ್ತ್ರಿಯು ಗಾಡಿ ಬಂದೊಡನೆ ಪಾನಾ ಹಿಡಿಯುವವನಲ್ಲ. ಯಾವ ಬದಿಗೆ ಹೊರಳಿದಾಗ, ಯಾವ ವೇಗದಲ್ಲಿ, ಬ್ರೇಕ್ ಹಿಡಿದಾಗಲೋ ಗುಂಡಿಗೆ ಇಳಿದಾಗಲೋ ಎಂದು ಮೊದಲು ಕೇಳುತ್ತಾನೆ. ಆಮೇಲೆ ತಾನೇ ಓಡಿಸಿ ಆಲಿಸುತ್ತಾನೆ. ತರುವಾಯವೇ ಜ್ಯಾಕ್ ಏರಿಸುತ್ತಾನೆ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲಿದ್ದರೆ ಬೇರಿಂಗಿನದೋ ಬಾಲ್ ಜಾಯಿಂಟಿನದೋ ದೋಷ. ಎಡಬಲಗಳಲ್ಲಿ ಹಿಡಿದಾಗ ಮಾತ್ರ ಸಡಿಲಿದ್ದರೆ ಸ್ಟಿಯರಿಂಗಿನ ಚಲನೆಯನ್ನು ಗಾಲಿಗೆ ಮುಟ್ಟಿಸುವ ಟೈ ರಾಡ್ ಎಂಡಿನದೋ ಸ್ಟಿಯರಿಂಗ್ ರ‍್ಯಾಕಿನದೋ ದೋಷ. ಹೀಗೆ ಒಂದೊಂದೇ ಸಂಶಯವನ್ನು ಕಳೆಯುತ್ತ ಹೋಗಿ, ಉಳಿದ ಒಂದು ಭಾಗವನ್ನು ಬದಲಿಸುವವನೇ ಕುಶಲಿ. ಊಹೆಯಿಂದ ನಾಲ್ಕು ಭಾಗಗಳನ್ನು ಬದಲಿಸುವವನು ಒಡೆಯನ ಹಣವನ್ನು ವ್ಯರ್ಥಗೊಳಿಸುತ್ತಾನೆ.

ಜೋಡಣೆಯಲ್ಲಿಯೂ ಒಂದು ಶಿಸ್ತುಂಟು. ಲೋವರ್ ಆರ್ಮಿನ ರಬ್ಬರ್ ಬುಶ್‌ಗಳ ಬೋಲ್ಟನ್ನು ಗಾಲಿ ತೂಗಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ಮುರಿಗೆಯಲ್ಲಿದ್ದು ಅಕಾಲದಲ್ಲಿ ಹರಿಯುತ್ತದೆ; ಆದುದರಿಂದ ಗಾಡಿಯ ಭಾರ ಗಾಲಿಯ ಮೇಲೆ ಬಿದ್ದ ಬಳಿಕವೇ ಕಡೆಯ ಬಿಗಿ ಕೊಡತಕ್ಕದ್ದು. ಟೈ ರಾಡ್ ಎಂಡನ್ನಾಗಲಿ ಸ್ಟ್ರಟ್ಟನ್ನಾಗಲಿ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ, ಸದ್ದು ಅಡಗಿದರೂ ಟೈರು ಸವೆಯುತ್ತದೆ.

ಸದ್ದು ಚಿಕ್ಕದೆಂದು ಉಪೇಕ್ಷಿಸುವುದು ತರವಲ್ಲ. ಬೂಟು ಹರಿದ ಮೊದಲ ದಿನಗಳಲ್ಲಿಯೇ ಗಮನಿಸಿದರೆ ಹೊಸ ಬೂಟು, ಹೊಸ ಗ್ರೀಸುಗಳಲ್ಲಿ ಮುಗಿಯಬಹುದಾದ ಕೆಲಸವು, ತಡವಾದರೆ ಇಡೀ ಸಂಧಿಯನ್ನೇ ಬದಲಿಸುವಷ್ಟಕ್ಕೆ ಬೆಳೆಯುತ್ತದೆ. ಬಾಲ್ ಜಾಯಿಂಟ್ ಓಟದಲ್ಲಿ ಕಳಚಿತೆಂದರೆ ಗಾಲಿ ಹೊರಕ್ಕೆ ಮಡಚಿಕೊಂಡು, ಕಾರು ಚಾಲಕನ ಅಂಕೆಗೆ ಸಿಗದು. ಆದ್ದರಿಂದ ಈ ಮೂರು ತಾಲ್ಲೂಕುಗಳ ದಾರಿಗಳಲ್ಲಿ ಓಡಾಡುವವರಲ್ಲಿ ನಮ್ಮ ವಿನಂತಿ ಇಷ್ಟು: ಪ್ರತಿ ಮಳೆಗಾಲ ಮುಗಿದೊಡನೆ ಮುಂಗಾಲಿಯ ರಬ್ಬರ್ ಬೂಟುಗಳನ್ನೂ ಸಂಧಿಗಳನ್ನೂ ಒಮ್ಮೆ ಪರೀಕ್ಷಿಸಿರಿ, ಸದ್ದು ಕೇಳಿದ ಸ್ಥಳ, ವೇಗ, ತಿರುವುಗಳನ್ನು ನೆನಪಿಟ್ಟು ಮಿಸ್ತ್ರಿಗೆ ಹೇಳಿರಿ, ಪೂರ್ತಿ ಆಲಿಸುವಷ್ಟು ಸಮಯವನ್ನು ಅವನಿಗೆ ಕೊಡಿರಿ.