ಬನಶಂಕರಿಯಲ್ಲಿ ಪೋಸ್ಟರಿನ ಬೇರು

ರಾಮಥಾಳದ ಹೊಲಗಳಲ್ಲಿ ಹಾಸಿದ ಹನಿ ನೀರಾವರಿಯ ಕರಿ ಪೈಪುಗಳನ್ನು ಹಿಂದೆ ಬಿಟ್ಟು ಹುನಗುಂದಕ್ಕೆ ಬಂದು ಅಮೀನಗಡದ ಹಾದಿ ಹಿಡಿದರೆ, ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಗೋಡೆಗಳೇ ದಾರಿ ಹೇಳುತ್ತವೆ. ಚಹಾದಂಗಡಿಯ ಮಗ್ಗುಲು, ಬಸ್ ನಿಲ್ದಾಣದ ಕಂಬ, ಕರದಂಟು ಮಾರುವ ಅಂಗಡಿಯ ಹಿಂಗೋಡೆ, ಎಲ್ಲೆಲ್ಲೂ ನಾಟಕ ಕಂಪನಿಗಳ ವಾಲ್‌ಪೋಸ್ಟರ್. ಹಳದಿ ಕಾಗದ, ಕೆಂಪು ದಪ್ಪಕ್ಷರ, ಬಾಯಿ ತೆರೆದು ನಗುವ ಹಾಸ್ಯನಟ. ಹಳೆಯ ಸಿನಿಮಾ ಪೋಸ್ಟರಿನ ಮೂಲ ಹುಡುಕುವವರು ಮುಂಬೈಗೆ ಹೋಗುವ ಮೊದಲು ಈ ಕಾಗದಗಳ ಬೆನ್ನು ಹತ್ತಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಅವೆಲ್ಲ ಕರೆಯುವುದು ಬಾದಾಮಿಯಿಂದ 5 ಕಿ.ಮೀ. ದೂರದ ಚೊಳಚಗುಡ್ಡಕ್ಕೆ, ಬನಶಂಕರಿ ಜಾತ್ರೆಗೆ. ಪುಷ್ಯ ಹುಣ್ಣಿಮೆಗೆ ತೇರು ಎಳೆದ ಮೇಲೂ ತಿಂಗಳೊಪ್ಪತ್ತು ಜಾತ್ರೆ ಮುಗಿಯುವುದಿಲ್ಲ. ಗುಡಿಯ ಎದುರಿನ ಹರಿದ್ರಾ ತೀರ್ಥ ದಾಟಿ, ಕಟ್ಟಿಗೆಯ ಬಾಗಿಲು ಚೌಕಟ್ಟು ಮಾರುವವರ ಸಾಲು ಹಾಯ್ದು ಮುಂದೆ ನಡೆದರೆ ತಗಡು ಹೊದ್ದ ನಾಟಕದ ಥಿಯೇಟರುಗಳು. ಸುಗ್ಗಿಯಲ್ಲಿ ಹತ್ತು ಹನ್ನೆರಡು ಕಂಪನಿ ಇಲ್ಲಿ ಬೀಡು ಬಿಡುವುದುಂಟು. ಹುನಗುಂದ ಸೀಮೆಯದೇ ಆದ ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದ ಹೆಸರು ಕೇಳದ ರಸಿಕ ಈ ಕಡೆ ಅಪರೂಪ.

ಥಿಯೇಟರಿನ ಮುಖಕ್ಕೆ ಈಗ ಫ್ಲೆಕ್ಸ್ ಬಂದಿದೆ. ಮೊದಲು ಅಲ್ಲಿ ಬಟ್ಟೆಯ ಮೇಲೆ ಕೈಯಿಂದ ಬರೆದ ಬೋರ್ಡು ನಿಲ್ಲುತ್ತಿತ್ತು, ಟಾಕೀಜಿನ ಮುಂದೆಯೂ ಅದೇ ರೀತಿಯದು. ಕೆಲಸದ ಬಗೆ ಎರಡಕ್ಕೂ ಒಂದೇ. ಸಣ್ಣ ಫೋಟೊದ ಮೇಲೆ ಪೆನ್ಸಿಲ್‌ನಿಂದ ಚೌಕಳಿ ಎಳೆಯುವುದು, ಬಟ್ಟೆಯ ಮೇಲೆ ಅಷ್ಟೇ ಚೌಕ ದೊಡ್ಡದಾಗಿ ಹಾಕುವುದು, ಒಂದೊಂದು ಮನೆಯಲ್ಲಿ ಇದ್ದದ್ದನ್ನು ಒಂದೊಂದು ಮನೆಗೆ ಇಳಿಸುವುದು. ಅಕ್ಷರ, ಆಕಾಶ, ಸೀರೆಯ ಅಂಚು ಶಿಷ್ಯರ ಪಾಲು. ಮುಖ ಮಾತ್ರ ಗುರುವಿನದು. ಅವರ ಕೈಯಲ್ಲಿ ನಾಯಕನ ಗಲ್ಲಕ್ಕೆ ಗುಲಾಬಿ ಬಣ್ಣ, ಗದ್ದದ ನೆರಳಿಗೆ ನೀಲಿ, ಖಳನಾಯಕನಾದರೆ ಹಸಿರು. ಬೀದಿಯ ಆಚೆ ಬದಿಯಲ್ಲಿ ನಿಂತವನಿಗೆ ಈ ಬಣ್ಣಗಳೆಲ್ಲ ಕೂಡಿ ಜೀವಂತ ಚರ್ಮವಾಗಿ ಕಾಣಬೇಕು. ಆ ಲೆಕ್ಕ ಗುರುವಿನ ಕಣ್ಣಲ್ಲಿ ಇರುತ್ತಿತ್ತು.

ಮುಂದೆ ಫ್ಲೆಕ್ಸ್ ಆದರೇನು, ಒಳಗೆ ಪರದೆ ಇನ್ನೂ ಬಟ್ಟೆಯದೇ ಇದೆ. ನಾನು ಒಂದು ಥಿಯೇಟರಿನ ರಂಗದ ಮೇಲೆ ಹತ್ತಿ ದರ್ಬಾರ್ ಸೀನಿನ ತೀರ ಹತ್ತಿರ ನಿಂತು ನೋಡಿದೆ. ದೂರದಿಂದ ಉದ್ದಕ್ಕೆ ಒಳಗೊಳಗೆ ಹೋಗುವ ಕಂಬಗಳ ಸಾಲು. ಹತ್ತಿರದಿಂದ ಬರೀ ಅಗಲ ಬ್ರಶ್ಶಿನ ನಾಲ್ಕು ಎಳೆತ: ಒಂದು ಕಂದು, ಒಂದು ಹಳದಿ, ನಡುವೆ ಬಿಳಿಯ ಗೆರೆ, ಅಂಚಿಗೆ ಕಪ್ಪು. ಬಟ್ಟೆಗೆ ಸರೇಸು ಕುದಿಸಿ ಬಳಿದು, ಪುಡಿ ಬಣ್ಣ ಕಲಸಿ ಬರೆದದ್ದು. ಎಣ್ಣೆ ಬಣ್ಣ ಇಲ್ಲಿ ನಡೆಯದು, ಅದು ದೀಪಕ್ಕೆ ಹೊಳೆಯುತ್ತದೆ, ಪರದೆ ಸುತ್ತಿದಾಗ ಬಿರಿಯುತ್ತದೆ. ಸುತ್ತುವ ಮಡಿಕೆಗಳಲ್ಲಿ ಬಣ್ಣ ಉದುರಿದ ಕಡೆ ಹೊಸ ಕೈಯೊಂದು ತೇಪೆ ಹಾಕಿತ್ತು, ಆದರೆ ಹಳೆಯ ಹಳದಿಯ ಹದ ಅದಕ್ಕೆ ಸಿಕ್ಕಿಲ್ಲ.

ಪರದೆಯಿಂದ ಪೋಸ್ಟರಿಗೆ ಹಾದಿ ತೆರೆದವರು ನೆರೆಯ ಕೊಲ್ಹಾಪುರದ ಬಾಬುರಾವ್ ಪೇಂಟರ್. ನಾಟಕದ ಪರದೆ ಬರೆಯುತ್ತಿದ್ದವರು ಸಿನಿಮಾ ತೆಗೆದರು, ತಮ್ಮ ಸಿನಿಮಾಕ್ಕೆ ತಾವೇ ಪೋಸ್ಟರ್ ಬರೆದರು. 1924ರ 'ಕಲ್ಯಾಣ್ ಖಜಿನಾ' ಪೋಸ್ಟರನ್ನು ಉಳಿದುಬಂದ ಭಾರತೀಯ ಚಿತ್ರಪೋಸ್ಟರುಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿಸುತ್ತಾರೆ. ನಮ್ಮವರೇ ಆದ ಕಲಬುರಗಿಯ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿ, ಮುಂಬೈ ಸೇರಿ, ಹಾಲಿವುಡ್ಡಿನ ಎಂ.ಜಿ.ಎಂ. ಚಿತ್ರಗಳಿಗೆ ಟಾಕೀಜಿನಲ್ಲಿ ಇಡುವ ಶೋಕಾರ್ಡ್ ಬರೆದು ಹೆಸರಾದರು. ರಾಜ್ ಕಪೂರರ 'ಬರ್ಸಾತ್', 'ಆವಾರಾ' ಪೋಸ್ಟರುಗಳಲ್ಲಿ ಕಂಡ ಆ ಬೆಳಗುವ ಮೈಬಣ್ಣ ಅವರ ಕುಂಚದ್ದು. ಪುರಾಣದ ದೇವತೆಗಳನ್ನು ಕ್ಯಾಲೆಂಡರಿಗೆ ಬರೆದಾಗಲೂ ಅದೇ ಬೆಳಕು. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರ ಹೆಸರು. ಪೋಸ್ಟರ್ ಬರೆದವರ ಹೆಸರನ್ನು ನಾಟಕದ ಮನೆಗೆ ಇಟ್ಟದ್ದು ನನಗೆ ತುಂಬ ಸರಿಯೆನಿಸುತ್ತದೆ, ಯಾಕೆಂದರೆ ಈ ಕಲೆಯ ತವರು ಅದೇ.

ಬಾದಾಮಿಯ ಅರಸನೂ ಪೋಸ್ಟರ್ ಹತ್ತಿದ್ದಾನೆ. 1967ರಲ್ಲಿ ಜಿ.ವಿ. ಅಯ್ಯರ್ ನಿರ್ಮಿಸಿ ಎನ್.ಸಿ. ರಾಜನ್ ನಿರ್ದೇಶಿಸಿದ 'ಇಮ್ಮಡಿ ಪುಲಿಕೇಶಿ'ಯಲ್ಲಿ ಪುಲಿಕೇಶಿಯಾದವರು ರಾಜ್‌ಕುಮಾರ್, ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ನಟ. ಪರದೆಯ ಮುಂದೆ ನಿಂತವರೂ ಪರದೆ ಬರೆದವರೂ ಬೆಳ್ಳಿತೆರೆಗೆ ಹೋದದ್ದು ಒಂದೇ ಬಾಗಿಲಿನಿಂದ.

ನಟನ ಹೆಸರು ಉಳಿಯಿತು. ಬರೆದವರ ಹೆಸರು ಬಹಳಷ್ಟು ಸಲ ಕಾಗದದ ಜೊತೆ ಹರಿದುಹೋಯಿತು. ಇದು ನನ್ನನ್ನು ಕಾಡುತ್ತದೆ, ಅದರಲ್ಲೂ ಈ ನೆಲದಲ್ಲಿ. ಇಲ್ಲಿಂದ ಪಟ್ಟದಕಲ್ಲು ಹತ್ತಿರ. ಎಂಟನೆಯ ಶತಮಾನದ ವಿರೂಪಾಕ್ಷ ಗುಡಿಯಲ್ಲಿ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಬಿರುದುಗಳ ಸಮೇತ ಕಲ್ಲಿನಲ್ಲಿ ಕೊರೆದಿದ್ದಾರೆ. ಕಟ್ಟಿಸಿದ ರಾಣಿ ಲೋಕಮಹಾದೇವಿಯಷ್ಟೇ ಕಟ್ಟಿದವನೂ ಮುಖ್ಯ ಎಂದು ಬಗೆದ ನಾಡು ಇದು. ಪರದೆ ಬರೆದವರ, ಬೋರ್ಡು ಬರೆದವರ ಪಟ್ಟಿಯೊಂದನ್ನಾದರೂ ಮಾಡಲು ನಮಗೆ ಏನು ಅಡ್ಡಿ? ಹುಬ್ಬಳ್ಳಿ, ಗದಗ, ಬಾಗಲಕೋಟೆಗಳಲ್ಲಿ ಈ ಕೆಲಸ ಮಾಡಿದ ಹಿರಿಯರು ಇನ್ನೂ ಇರುವಾಗಲೇ ಅದು ಆಗಬೇಕು.

ಜಾತ್ರೆಗೆ ಹೋಗುವವರಿಗೆ ಒಂದು ಮಾತು. ನಾಟಕ ನೋಡಲು ರಾತ್ರಿ ಹೋಗಿ, ಪರದೆ ನೋಡಲು ಹಗಲು ಹನ್ನೊಂದರ ಹೊತ್ತಿಗೆ ಹೋಗಿ. ಕಲಾವಿದರು ಎದ್ದು ಚಹಾ ಕುಡಿಯುತ್ತಿರುತ್ತಾರೆ, ಥಿಯೇಟರ್ ಖಾಲಿ. ಮ್ಯಾನೇಜರನ್ನು ಕೇಳಿಕೊಂಡರೆ ಕಾಡು, ರಸ್ತೆ, ದರ್ಬಾರ್ ಒಂದೊಂದಾಗಿ ಇಳಿಸಿ ತೋರಿಸಿಯಾರು. ಕೆಳಗಿನ ಮೂಲೆಯಲ್ಲಿ ಬರೆದವರ ಹೆಸರು, ಊರು ಸಿಕ್ಕರೆ ಫೋಟೊ ತೆಗೆದುಕೊಳ್ಳಿ. ಮಸುಕಾಗಿದ್ದರೆ ಕಂಪನಿಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.