ಪ್ರಯಾಣದ ಪಾಸೋ, ಪೇಟೆಯ ಬಾಡಿಗೆಯೋ?

ಪಿಯುಸಿ ಫಲಿತಾಂಶ ಬಂದ ಕೂಡಲೇ ಬೆಂಗಳೂರಿನ ಸುತ್ತಲ ಊರುಗಳ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಸೀಟು ಸಿಕ್ಕಿರುವುದು ಬೆಂಗಳೂರಿನ ಕಾಲೇಜಿನಲ್ಲಿ. ಮನೆಯಿರುವುದು ತುಮಕೂರಿನಲ್ಲೋ, ಮಂಡ್ಯದಲ್ಲೋ, ಬಂಗಾರಪೇಟೆಯಲ್ಲೋ. ಮಗ ಅಥವಾ ಮಗಳು ದಿನವೂ ರೈಲು ಹತ್ತಬೇಕೆ? ಹಾಸ್ಟೆಲ್ ಸೇರಬೇಕೆ? ಇಲ್ಲವೇ ಇಡೀ ಸಂಸಾರವೇ ಗಂಟುಮೂಟೆ ಕಟ್ಟಬೇಕೆ?

ಬಹುಪಾಲು ಪಾಲಕರು ಈ ಪ್ರಶ್ನೆಗೆ ಒಂದೇ ತಕ್ಕಡಿ ಹಿಡಿಯುತ್ತಾರೆ. ಒಂದು ಕಡೆ ರೈಲಿನ ಪಾಸು, ಇನ್ನೊಂದು ಕಡೆ ಬಾಡಿಗೆ. ಆ ತಕ್ಕಡಿಯಲ್ಲಿ ಪಾಸು ಗೆಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ. ರೈಲ್ವೆಯ ಸೀಸನ್ ಟಿಕೆಟ್ 150 ಕಿಲೋಮೀಟರ್ ದೂರದವರೆಗೂ ದೊರೆಯುತ್ತದೆ. ಮನೆಯಿಂದ ವಿದ್ಯಾಸಂಸ್ಥೆಗೆ ಹೋಗಿಬರಲು ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ 12ನೇ ತರಗತಿಯವರೆಗೆ ಎರಡನೇ ದರ್ಜೆಯ ಮಾಸಿಕ ಪಾಸು ಉಚಿತ. 2023ರ ಜೂನ್ 11ರಿಂದ ಜಾರಿಯಲ್ಲಿರುವ 'ಶಕ್ತಿ' ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲೂ ಟಿಕೆಟ್ ಇಲ್ಲ. ಬೆಂಗಳೂರಿನ ಮನೆಗಾದರೋ ಬಾಡಿಗೆಯ ಜೊತೆಗೆ ಮುಂಗಡವೂ ಇದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಇಲ್ಲಿ ಬಹುಕಾಲದಿಂದ ಬಂದ ರೂಢಿ. ಬಾಡಿಗೆ 15 ಸಾವಿರ ಎಂದಿಟ್ಟುಕೊಂಡರೂ ಬೀಗದ ಕೈ ಸಿಗುವ ಮೊದಲೇ ಒಂದೂವರೆ ಲಕ್ಷ ಹೊಂದಿಸಬೇಕು.

ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಅದು ಸಮಯ.

ಗಂಟೆಗಳ ಲೆಕ್ಕ

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರ್. 'ಒಂದೂವರೆ ಗಂಟೆ ತಾನೆ' ಎನ್ನುತ್ತೇವೆ. ಆದರೆ ಮನೆಯಿಂದ ನಿಲ್ದಾಣಕ್ಕೆ 20 ನಿಮಿಷ, ರೈಲಿಗೆ ಕಾಯಲು 10 ನಿಮಿಷ, ಇಳಿದ ಮೇಲೆ ಮೆಟ್ರೊ ಅಥವಾ ಬಸ್ಸಿನಲ್ಲಿ ಅರ್ಧ ಗಂಟೆ ಸೇರಿಸಿ ನೋಡಿ. ಒಂದು ಬದಿಗೆ ಎರಡೂವರೆ ಗಂಟೆ, ಹೋಗಿಬರಲು ಐದು ಗಂಟೆ. ತಿಂಗಳಿಗೆ 24 ದಿನ ಕಾಲೇಜು ಎಂದರೆ 120 ಗಂಟೆ. ಅಂದರೆ ಪ್ರತಿ ತಿಂಗಳೂ ಐದು ಹಗಲು, ಐದು ರಾತ್ರಿ ದಾರಿಯಲ್ಲೇ ಕಳೆದಂತೆ!

ದಿನದ 24 ಗಂಟೆಯಲ್ಲಿ ಪ್ರಯಾಣಕ್ಕೆ 5, ಕಾಲೇಜಿಗೆ 7, ನಿದ್ದೆಗೆ 7 ತೆಗೆಯಿರಿ. ಸ್ನಾನ, ಊಟ, ಬಟ್ಟೆಬರೆಗೆ 2 ಗಂಟೆ ಬೇಡವೇ? ಉಳಿಯುವುದು ಮೂರೇ ಗಂಟೆ. ಓದು, ಆಟ, ತಂಗಿಯೊಡನೆ ಜಗಳ, ಅಜ್ಜಿಯೊಡನೆ ಮಾತು ಎಲ್ಲವೂ ಅದರಲ್ಲೇ ಆಗಬೇಕು. ಪರೀಕ್ಷೆ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ನಿದ್ದೆಗೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ.

ಈ ಪ್ರಯಾಣದ ಬಾಕಿಯನ್ನು ತೀರಿಸುವವರು ವಿದ್ಯಾರ್ಥಿಗಳಷ್ಟೇ ಅಲ್ಲ. ಆರು ಗಂಟೆಯ ರೈಲಿಗೆ ಬುತ್ತಿ ಸಿದ್ಧವಾಗಬೇಕಾದರೆ ತಾಯಿ ನಾಲ್ಕೂವರೆಗೇ ಒಲೆ ಹಚ್ಚಬೇಕು. ಇದು ಯಾವ ಖರ್ಚಿನ ಪಟ್ಟಿಯಲ್ಲೂ ಕಾಣುವುದಿಲ್ಲ.

ಅಗ್ಗದ ಮನೆ, ದುಬಾರಿ ದಾರಿ

ದೂರದ ಮನೆ ಅಗ್ಗ. ಆ ಲಾಭ ಪ್ರಯಾಣದ ಕಷ್ಟವನ್ನು ಸರಿದೂಗಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ದೀರ್ಘ ಪ್ರಯಾಣ ಮಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಸಂಬಳ, ಮನೆಗಳ ಅನುಕೂಲ ಆ ಕೊರತೆಯನ್ನು ಪೂರ್ತಿ ತುಂಬಿರಲಿಲ್ಲ. ಮನೆ ಆರಿಸುವಾಗ ಬಾಡಿಗೆ ಕಣ್ಣಿಗೆ ಕಾಣುತ್ತದೆ, ದಿನದಿನದ ದಣಿವು ಕಾಣುವುದಿಲ್ಲ.

ಹಾಗೆಂದು ಊರು ಬಿಡುವುದೇ ಪರಿಹಾರವೆಂದೂ ಅಲ್ಲ. ಮನೆ ಬದಲಿಸಿದರೆ ತಮ್ಮನ ಶಾಲೆ ಬದಲಾಗುತ್ತದೆ, ತಂದೆಯ ಕೆಲಸ ಊರಿನಲ್ಲೇ ಇದ್ದರೆ ಪ್ರಯಾಣ ಮಗನಿಂದ ಅಪ್ಪನಿಗೆ ವರ್ಗವಾಗುತ್ತದೆ. ಮಗು ಏಳುವ ಮೊದಲೇ ಹೊರಟು, ಮಲಗಿದ ಮೇಲೆ ಮರಳುವ ಅಪ್ಪ ಮನೆಗೆ ನೆಂಟನಾಗುತ್ತಾನೆ. ಹಾಸ್ಟೆಲ್ ಸೇರಿದವರಿಗೆ ಸಮಯ ಸಿಗುತ್ತದೆ, ಮನೆಯೂಟ ಮತ್ತು ಮನೆಯವರು ತಪ್ಪುತ್ತಾರೆ. ಮಿತವ್ಯಯ ಅನಿವಾರ್ಯವಾದ ಮನೆಗಳಲ್ಲಿ ರೈಲೇ ಓದಿನ ಬಾಗಿಲು ತೆರೆದಿದೆ ಎಂಬುದನ್ನೂ ಮರೆಯಬಾರದು. ಕೂರಲು ಜಾಗ ಸಿಕ್ಕ ರೈಲಿನಲ್ಲಿ ಒಂದು ಗಂಟೆ ಓದಬಹುದು. ಕಂಬಿ ಹಿಡಿದು ನಿಂತ ಬಸ್ಸಿನಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಎಷ್ಟು ಗಂಟೆ ಎಂಬುದರ ಜೊತೆಗೆ ಎಂಥ ಗಂಟೆ ಎಂದೂ ಕೇಳಬೇಕು.

ನಿರ್ಧರಿಸುವ ಮುನ್ನ

ಮೊದಲನೆಯದಾಗಿ, ಪ್ರವೇಶ ಪಡೆಯುವ ಮೊದಲೇ ಪಾಲಕರೂ ವಿದ್ಯಾರ್ಥಿಯೂ ಜೊತೆಯಾಗಿ, ಕಾಲೇಜಿನ ಸಮಯಕ್ಕೇ ಒಂದು ವಾರ ಹೋಗಿಬನ್ನಿ. ಭಾನುವಾರದ ಖಾಲಿ ರೈಲು ನಿಜ ಹೇಳುವುದಿಲ್ಲ.

ಎರಡನೆಯದಾಗಿ, ಇಳಿಯುವ ನಿಲ್ದಾಣವನ್ನು ಯೋಚಿಸಿ ಆರಿಸಿ. ಎಲ್ಲರೂ ಮೆಜೆಸ್ಟಿಕ್‌ವರೆಗೆ ಬರಬೇಕಾಗಿಲ್ಲ. ತುಮಕೂರು ಕಡೆಯವರಿಗೆ ಯಶವಂತಪುರದಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ಇದೆ. ಬಂಗಾರಪೇಟೆ ಕಡೆಯವರು ವೈಟ್‌ಫೀಲ್ಡ್‌ನಲ್ಲಿ ಇಳಿದರೆ 2023ರ ಮಾರ್ಚ್‌ನಲ್ಲಿ ಆರಂಭವಾದ ಕಾಡುಗೋಡಿ ಮೆಟ್ರೊ ಹತ್ತಿರವೇ ಸಿಗುತ್ತದೆ. ಉಳಿದ ಅರ್ಧ ಗಂಟೆ ಸಣ್ಣದಲ್ಲ. ತಿಂಗಳಿಗೆ 12 ಗಂಟೆ.

ಮೂರನೆಯದಾಗಿ, ನಡುದಾರಿ ಹುಡುಕಿ. ಪರೀಕ್ಷೆಯ ಎರಡು ತಿಂಗಳು ಮಾತ್ರ ಸಂಬಂಧಿಕರ ಮನೆಯಲ್ಲೋ ಪಿ.ಜಿ.ಯಲ್ಲೋ ಉಳಿದು, ಉಳಿದ ದಿನ ಓಡಾಡುವವರುಂಟು. ವಾರವಿಡೀ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಬರುವವರೂ ಉಂಟು.

ನಾಲ್ಕನೆಯದಾಗಿ, ಒಮ್ಮೆ ಮಾಡಿದ ನಿರ್ಧಾರವನ್ನು ಶಾಸನವಾಗಿಸಬೇಡಿ. ಮೊದಲ ಸೆಮಿಸ್ಟರ್ ಮುಗಿದಾಗ ಎಲ್ಲರೂ ಕುಳಿತು ಮತ್ತೆ ಲೆಕ್ಕ ಹಾಕಿ. ಅಂಕ ಎಷ್ಟು ಎನ್ನುವುದರ ಜೊತೆಗೆ ಮೊದಲ ಪೀರಿಯಡ್ ಎಷ್ಟು ಸಲ ತಪ್ಪಿತು, ನಿದ್ದೆ ಎಷ್ಟಾಯಿತು, ಮನೆಮಂದಿ ಒಟ್ಟಿಗೆ ಊಟಕ್ಕೆ ಕುಳಿತದ್ದು ವಾರಕ್ಕೆ ಎಷ್ಟು ಬಾರಿ ಎಂಬುದನ್ನೂ ಕೇಳಿ.

ವಿದ್ಯಾರ್ಥಿಗಳಿಗೂ ಒಂದು ಮಾತು. 'ದಣಿವಾಗುತ್ತಿದೆ' ಎಂದರೆ ಅಪ್ಪನ ಖರ್ಚು ಹೆಚ್ಚುತ್ತದೆಂದು ಸುಮ್ಮನಿರುವ ಮಕ್ಕಳು ಬಹಳ. ಹೇಳದೆ ಉಳಿದ ದಣಿವು ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಆ ಹಾಸಿಗೆಯ ಮೇಲೆ ಮಲಗಲು ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನೂ ಅಷ್ಟೇ ಜಾಗರೂಕತೆಯಿಂದ ಅಳೆಯಬೇಕು.