ತಂತ್ರಾಂಶಕ್ಕೂ ಬೇಕು ಒಂದು ಅಳತೆ ಪುಸ್ತಕ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಲೆಕ್ಕಪರಿಶೋಧನೆ ನಡೆಸುತ್ತಿದ್ದೆ. ಮೂರು ಗೋದಾಮುಗಳಿರುವ ಹಾರ್ಡ್‌ವೇರ್ ಸಗಟು ವ್ಯಾಪಾರ ಅವರದು. ಆಸ್ತಿಗಳ ಪಟ್ಟಿಯಲ್ಲಿ ‘ಅಭಿವೃದ್ಧಿ ಹಂತದ ತಂತ್ರಾಂಶ’ ಎಂಬ ಹೆಸರಿನಲ್ಲಿ 18 ಲಕ್ಷ ರೂಪಾಯಿ ಇತ್ತು. ಬಿಲ್ಲಿಂಗ್, ದಾಸ್ತಾನು, ವಸೂಲಿ, ತೆರಿಗೆ ವಿವರಣೆ ಎಲ್ಲವನ್ನೂ ಒಂದೇ ತಂತ್ರಾಂಶದಲ್ಲಿ ತರುವ ಯೋಜನೆಯದು. ಎಷ್ಟು ಮುಗಿದಿದೆ ಎಂದು ಕೇಳಿದೆ. “ಶೇ. 90 ಮುಗಿದಿದೆ ಸಾರ್” ಎಂದರು. ಹಿಂದಿನ ವರ್ಷದ ಕಡತ ತೆರೆದು ನೋಡಿದರೆ ನನ್ನದೇ ಕೈಬರಹದಲ್ಲಿ ಅದೇ ಉತ್ತರವಿತ್ತು: ‘ಶೇ. 90 ಪೂರ್ಣ’. ಒಂದು ವರ್ಷದಲ್ಲಿ ಪಾವತಿ ಬೆಳೆದಿತ್ತು, 90 ಮಾತ್ರ 90 ಆಗಿಯೇ ಉಳಿದಿತ್ತು.

ಒಂದು ಬಿಲ್ ಮುದ್ರಿಸಿ ತೋರಿಸಿ ಎಂದೆ. ಆಗಲಿಲ್ಲ. ಕೊನೆಗೆ ಆ ಮೊತ್ತದ ಬಹುಭಾಗವನ್ನು ನಷ್ಟವೆಂದು ಬರೆದು ಹಾಕಬೇಕಾಯಿತು. ತಪ್ಪು ತಂತ್ರಾಂಶ ಬರೆದವರದು ಮಾತ್ರವಲ್ಲ. ಶೇಕಡಾವಾರು ಉತ್ತರ ನಂಬಿದ ಮಾಲೀಕರದೂ ಹೌದು, ಅದನ್ನು ಪ್ರಶ್ನಿಸದೆ ಬರೆದುಕೊಂಡ ನನ್ನದೂ ಹೌದು.

ಅಳೆಯಲಾಗದ ಕೆಲಸ

ಗೋದಾಮು ಕಟ್ಟಿಸುವಾಗ ನಾವು ಹೀಗೆ ಮೋಸ ಹೋಗುವುದಿಲ್ಲ. ತಳಪಾಯ ಎಷ್ಟು ಉದ್ದ, ಗೋಡೆ ಎಷ್ಟು ಎತ್ತರ ಎಂಬುದನ್ನು ಟೇಪು ಹಿಡಿದು ಅಳೆಯಬಹುದು. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರಿಗೆ ಅಳತೆ ಪುಸ್ತಕದಲ್ಲಿ ನಮೂದಾಗದ ಕೆಲಸಕ್ಕೆ ಬಿಲ್ ಪಾಸಾಗುವುದಿಲ್ಲ. ತಂತ್ರಾಂಶದ ತಳಪಾಯ, ಗೋಡೆಗಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅಲ್ಲಿ ಶೇಕಡಾವಾರು ಎಂಬುದು ಅಳತೆಯಲ್ಲ, ಬರೀ ಅಂದಾಜು. ಇದಕ್ಕಿರುವ ಪರಿಹಾರ ಒಂದೇ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆದು, ಪ್ರತಿಯೊಂದನ್ನೂ ‘ಮುಗಿದಿದೆ’ ಅಥವಾ ‘ಮುಗಿದಿಲ್ಲ’ ಎಂದು ಮಾತ್ರ ಗುರುತಿಸುವುದು. ಅರ್ಧ ಮುಗಿದ ಕೆಲಸಕ್ಕೆ ಸೊನ್ನೆ ಅಂಕ. ಆ ಪಟ್ಟಿಯೇ ತಂತ್ರಾಂಶದ ಅಳತೆ ಪುಸ್ತಕ.

ಒಡೆಯುವ ಬಗೆ

‘ದಾಸ್ತಾನು ವಿಭಾಗ’ ಎಂಬುದು ಕೆಲಸವಲ್ಲ, ಕೆಲಸಗಳ ಗಂಟು. ‘ಒಂದು ಗೋದಾಮಿನಿಂದ ನಗದು ಮಾರಾಟದ ಬಿಲ್ ಮುದ್ರಿಸಿದಾಗ ದಾಸ್ತಾನು ಕಡಿಮೆಯಾಗಿ, ನಗದು ಪುಸ್ತಕದಲ್ಲಿ ಜಮಾ ಆಗಬೇಕು’ ಎಂಬುದು ಕೆಲಸ. ಅದು ಆಯಿತೋ ಇಲ್ಲವೋ ಎಂಬುದನ್ನು ಕೌಂಟರಿನಲ್ಲಿ ಕುಳಿತ ಗುಮಾಸ್ತರೇ ಹೇಳಬಲ್ಲರು. ನಂತರ ಸಾಲದ ಮಾರಾಟ, ಸರಕು ವಾಪಸಾತಿ, ರಿಯಾಯಿತಿ, ಗೋದಾಮಿನಿಂದ ಗೋದಾಮಿಗೆ ವರ್ಗಾವಣೆ, ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋಗಬಹುದು. ಮೊದಲು ಎಲ್ಲ ಪರದೆಗಳು, ಬಳಿಕ ದತ್ತಾಂಶ, ಕೊನೆಗೆ ವರದಿಗಳು ಎಂದು ವಿಭಜಿಸಿದರೆ ಕೊನೆಯ ದಿನದವರೆಗೂ ಯಾವುದೂ ಓಡುವುದಿಲ್ಲ. ನನ್ನ ಕಕ್ಷಿದಾರರ ವಿಷಯದಲ್ಲಿ ಆಗಿದ್ದೂ ಇದೇ.

ಗಾತ್ರದ ಬಗ್ಗೆ ಯೋಜನಾ ನಿರ್ವಹಣೆಯಲ್ಲಿ ಬಳಕೆಯಲ್ಲಿರುವ ಒಂದು ಸೂತ್ರವಿದೆ: ಒಂದು ಕೆಲಸ 8 ಗಂಟೆಗಿಂತ ಕಡಿಮೆಯೂ 80 ಗಂಟೆಗಿಂತ ಹೆಚ್ಚೂ ಇರಬಾರದು. ಅಂದರೆ ಒಂದು ದಿನದಿಂದ ಎರಡು ವಾರ. ಅದಕ್ಕಿಂತ ದೊಡ್ಡದಾದರೆ ಮತ್ತೆ ಒಡೆಯಬೇಕು. ಇನ್ನೊಂದು ನಿಯಮ ನಮ್ಮ ತಾಳೆಪಟ್ಟಿಯನ್ನು ನೆನಪಿಸುತ್ತದೆ: ಎಲ್ಲ ತುಂಡುಗಳನ್ನು ಕೂಡಿದರೆ ಪೂರ್ಣ ಕೆಲಸವೇ ಬರಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಳೆಯ ಬಾಕಿಗಳ ವರ್ಗಾವಣೆ, ಸಿಬ್ಬಂದಿಗೆ ತರಬೇತಿ, ತುಂಡುಗಳನ್ನು ಜೋಡಿಸಿ ಪರೀಕ್ಷಿಸುವುದು, ಇವು ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ತಡವಾಗುವುದೂ ಬಹುಮಟ್ಟಿಗೆ ಇಲ್ಲಿಯೇ.

ತಡವಾದಾಗ “ಇನ್ನಿಬ್ಬರನ್ನು ಹಾಕಿ” ಎನ್ನುವುದು ನಮ್ಮ ಅಭ್ಯಾಸ. ಐಬಿಎಂ ಸಂಸ್ಥೆಯ ಬೃಹತ್ ತಂತ್ರಾಂಶ ಯೋಜನೆಯೊಂದರ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ತಮ್ಮ ಗ್ರಂಥದಲ್ಲಿ ಎಚ್ಚರಿಸಿದ್ದರು: ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆ ಬೀಳುತ್ತದೆ. ಪಟ್ಟಿ ಇದ್ದರೆ ವಿಳಂಬ ಎರಡನೆಯ ವಾರದಲ್ಲೇ ಕಾಣುತ್ತದೆ, ಎರಡನೆಯ ವರ್ಷದಲ್ಲಲ್ಲ.

ಇ-ವೇ ಬಿಲ್ ಕಲಿಸಿದ ಪಾಠ

ಕೆಲಸ ಬರೆಯುವಾಗ ಮಾತ್ರವಲ್ಲ, ಜಾರಿಗೆ ತರುವಾಗಲೂ ಒಡೆಯಬೇಕು. ಸದಸ್ಯ ಬಾಂಧವರಿಗೆ 2018ರ ಫೆಬ್ರವರಿ 1 ನೆನಪಿರಬಹುದು. ಅಂದು ದೇಶಾದ್ಯಂತ ಇ-ವೇ ಬಿಲ್ ಕಡ್ಡಾಯವಾಯಿತು; ಅಂದೇ ತಾಂತ್ರಿಕ ತೊಂದರೆಯಿಂದ ಮುಂದೂಡಲ್ಪಟ್ಟಿತು. ಮತ್ತೆ ಏಪ್ರಿಲ್ 1ರಿಂದ ಆರಂಭಿಸಿದಾಗ ಸರ್ಕಾರ ದಾರಿ ಬದಲಿಸಿತ್ತು. ಅಂತರರಾಜ್ಯ ಸಾಗಣೆಗೆ ದೇಶವಿಡೀ ಅನ್ವಯ. ರಾಜ್ಯದೊಳಗಿನ ಸಾಗಣೆಗೆ ಮೊದಲಿಗೆ ಕರ್ನಾಟಕ, ಏಪ್ರಿಲ್ 15ರಿಂದ ಇನ್ನೂ ಐದು ರಾಜ್ಯಗಳು, ಹೀಗೆ ಜೂನ್ ವೇಳೆಗೆ ಇಡೀ ದೇಶ. ಇ-ಇನ್‌ವಾಯ್ಸ್ ಕೂಡ ಹಾಗೆಯೇ ಬಂದಿತು. 2020ರ ಅಕ್ಟೋಬರ್ 1ರಂದು 500 ಕೋಟಿಗೆ ಮೇಲ್ಪಟ್ಟ ವಹಿವಾಟಿನವರಿಗೆ, 2021ರ ಜನವರಿಯಿಂದ 100 ಕೋಟಿ, ಏಪ್ರಿಲ್‌ನಿಂದ 50 ಕೋಟಿ, ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಮೇಲ್ಪಟ್ಟವರಿಗೆ. ದೇಶಕ್ಕೆ ಅನ್ವಯಿಸಿದ ವಿವೇಕ ಮೂರು ಗೋದಾಮುಗಳ ಅಂಗಡಿಗೆ ಬೇಡವೇ?

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

1. ಕೆಲಸಗಳ ಪಟ್ಟಿ ಒಪ್ಪಂದದ ಅನುಬಂಧವಾಗಿರಲಿ. ಪ್ರತಿ ಕೆಲಸದ ಮುಂದೆ ದಿನಗಳು, ಮೊತ್ತ ಮತ್ತು ಪರೀಕ್ಷಿಸುವ ವಿಧಾನ ನಮೂದಾಗಿರಲಿ.

2. ಮುಗಿದ ಕೆಲಸಗಳಿಗೆ ಮಾತ್ರ ಪಾವತಿಸಿರಿ. ‘ಕೂಸು ಹುಟ್ಟುವ ಮುನ್ನ ಕುಲಾವಿ’ ಬೇಡ. ಒಂದು ಭಾಗವನ್ನು ವರ್ಷಾಂತ್ಯದ ಲೆಕ್ಕ ಮುಗಿಯುವವರೆಗೆ ತಡೆಹಿಡಿಯಿರಿ.

3. ‘ಮುಗಿದಿದೆ’ ಎಂದು ಸಹಿ ಹಾಕುವವರು ನಿಮ್ಮ ಕಡೆಯ, ಆ ಕೆಲಸವನ್ನು ದಿನನಿತ್ಯ ಮಾಡುವ ವ್ಯಕ್ತಿಯಾಗಿರಲಿ.

4. ನಡುವೆ ಹೊಸ ಬೇಡಿಕೆ ಬಂದರೆ ಅದನ್ನು ಪಟ್ಟಿಯ ಹೊಸ ಸಾಲಾಗಿ, ಪ್ರತ್ಯೇಕ ದರ ಮತ್ತು ಅವಧಿಯೊಡನೆ ಬರೆಯಿರಿ. “ಇದೊಂದು ಚಿಕ್ಕ ಬದಲಾವಣೆ” ಎಂಬ ಮಾತಿಗೆ ಇಬ್ಬರೂ ಮರುಳಾಗಬಾರದು.

5. ಪ್ರತಿ ಪಾವತಿಯೊಡನೆ ಅಲ್ಲಿಯವರೆಗಿನ ಮೂಲ ಸಂಕೇತ ಮತ್ತು ದತ್ತಾಂಶದ ಪ್ರತಿ ನಿಮ್ಮ ಕೈ ಸೇರಲಿ. ನಾಳೆ ಬೇರೆಯವರಿಗೆ ವಹಿಸಬೇಕಾಗಿ ಬಂದರೂ ಮುಗಿದ ತುಂಡುಗಳು ನಿಮ್ಮವೇ.

ಈ ಪಟ್ಟಿ ತಯಾರಿಸಲು ಎರಡು ಮೂರು ವಾರ ಹಿಡಿಯಬಹುದು. ಒಂದು ಸಾಲಿನ ಸಂಕೇತವೂ ಬರೆಯದೆ ಇಷ್ಟು ದಿನ ವ್ಯರ್ಥವಾಯಿತೆಂದು ಮಾಲೀಕರಿಗೆ ಅನ್ನಿಸುವುದು ಸಹಜ. ಆದರೆ 18 ಲಕ್ಷದ ಮುಂದೆ ಆ ಮೂರು ವಾರಗಳ ಬೆಲೆ ಎಷ್ಟೆಂಬುದನ್ನು ನನ್ನ ಕಕ್ಷಿದಾರರು ಬಲ್ಲರು.

ಅವರು ಮರುವರ್ಷ ಹೊಸದಾಗಿ ಆರಂಭಿಸಿದರು. ಮೊದಲ ಕೆಲಸ ಒಂದೇ: ಒಂದು ಗೋದಾಮಿನ ನಗದು ಬಿಲ್. ಹತ್ತನೆಯ ದಿನ ಅದು ಮುದ್ರಣವಾಯಿತು. ಆ ವರ್ಷದ ನನ್ನ ಕಡತದಲ್ಲಿ ಶೇಕಡಾವಾರು ಇಲ್ಲ. ಇರುವುದು ಇಷ್ಟೇ: ‘ಒಟ್ಟು ಕೆಲಸ 64. ಮುಗಿದದ್ದು 23. ಪಾವತಿ 23ಕ್ಕೆ.’